ಕುಟುಂಬ ಸೇವಾ ಸಂಸ್ಥೆಯಲ್ಲಿ ವಿದ್ಯಾರ್ಥಿ ಇಂಟರ್ನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಕುಟುಂಬ ಸಮಾಲೋಚನೆಯ ಕೆಲಸ ಮಾಡುವ ನಮ್ಮ ಚಿಕ್ಕ ಸಂಸ್ಥೆಗೆ ಪ್ರತಿ ಶೈಕ್ಷಣಿಕ ವರ್ಷವೂ ಸಮಾಜಕಾರ್ಯದ ವಿದ್ಯಾರ್ಥಿಗಳು ಬರುತ್ತಾರೆ. ಅವರನ್ನು ಹೇಗೆ ನಿಭಾಯಿಸುತ್ತೀರಿ ಎಂದು ಶಿರಾ, ಗೌರಿಬಿದನೂರು, ಮುಳಬಾಗಿಲು ಕಡೆಯ ಸಂಸ್ಥೆಗಳವರು ಫೋನ್ ಮಾಡಿ ಕೇಳುತ್ತಾರೆ. ಅಧ್ಯಾಪಕರು ಪತ್ರ ಬರೆಯುತ್ತಾರೆ. ಕೆಲವೊಮ್ಮೆ ವಿದ್ಯಾರ್ಥಿಗಳ ತಂದೆತಾಯಿಗಳೇ ಕಚೇರಿಗೆ ಬಂದು ವಿಚಾರಿಸುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಉತ್ತರಗಳು ನಮ್ಮ ಅನುಭವದವು. ಕಾನೂನಿನ ವಿಷಯ ಬಂದ ಕಡೆ ಹಾಗೆಂದು ಹೇಳಿದ್ದೇವೆ.

## ಶುರು ಮಾಡುವ ಮುನ್ನ

“ಇಂಟರ್ನ್ ಎಂದರೂ ಸ್ವಯಂಸೇವಕರು ಎಂದರೂ ಒಂದೇ ಅಲ್ಲವೇ?”

ಅಲ್ಲ. ಸ್ವಯಂಸೇವಕರು ಬಿಡುವಾದಾಗ ಬಂದು ಸಂಸ್ಥೆಗೆ ಬೇಕಾದ ಕೆಲಸ ಮಾಡಿಕೊಟ್ಟು ಹೋಗುತ್ತಾರೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂ.ಎಸ್.ಡಬ್ಲ್ಯು.) ಅಥವಾ ಪದವಿ (ಬಿ.ಎಸ್.ಡಬ್ಲ್ಯು.) ಓದುವ ವಿದ್ಯಾರ್ಥಿಗೆ ಕ್ಷೇತ್ರಕಾರ್ಯ, ಅಂದರೆ ಸಂಸ್ಥೆಯಲ್ಲಿ ಕೆಲಸ ಮಾಡುತ್ತ ಕಲಿಯುವುದು, ತರಗತಿಯ ಪಾಠದಷ್ಟೇ ಕಡ್ಡಾಯ. ಅದಕ್ಕೆ ಹಾಜರಿ, ಲಿಖಿತ ವರದಿ, ಮೌಖಿಕ ಪರೀಕ್ಷೆ, ಅಂಕ ಎಲ್ಲವೂ ಇವೆ. ಆದ್ದರಿಂದ ಅವರಿಗೆ ಕಾಲೇಜಿನಲ್ಲೊಬ್ಬರು, ಸಂಸ್ಥೆಯಲ್ಲೊಬ್ಬರು ಎಂದು ಇಬ್ಬರು ಮೇಲ್ವಿಚಾರಕರು ಇರುತ್ತಾರೆ. ಸಂಸ್ಥೆಯ ಮೇಲ್ವಿಚಾರಕರು ಕಲಿಸದೆ ಬರೀ ಕೆಲಸ ಮಾಡಿಸಿಕೊಂಡರೆ ಅದು ಕ್ಷೇತ್ರಕಾರ್ಯ ಆಗುವುದಿಲ್ಲ, ಪುಕ್ಕಟೆ ದುಡಿಮೆ ಆಗುತ್ತದೆ.

“ನಮ್ಮದು ಮೂರೇ ಜನರ ಕಚೇರಿ. ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ ಕೆಲಸ ಹಗುರವಾಗುತ್ತದೆಯೋ, ಇನ್ನೂ ಹೆಚ್ಚುತ್ತದೆಯೋ?”

ಮೊದಲ ಒಂದೂವರೆ ತಿಂಗಳು ಖಂಡಿತವಾಗಿಯೂ ಹೆಚ್ಚುತ್ತದೆ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎರಡು ಗಂಟೆಯನ್ನಾದರೂ ಮೇಲ್ವಿಚಾರಕರು ಮೀಸಲಿಡಬೇಕು: ಒಂದು ಗಂಟೆ ಎದುರು ಕೂತು ಮಾತನಾಡಲು, ಇನ್ನೊಂದು ಗಂಟೆ ಅವರು ಬರೆದುದನ್ನು ಓದಿ ತಿದ್ದಲು. ಆ ಸಮಯ ನಿಮ್ಮಲ್ಲಿ ಇಲ್ಲವೆಂದಾದರೆ ಈ ವರ್ಷ ಬೇಡ ಎಂದು ಕಾಲೇಜಿಗೆ ಹೇಳಿಬಿಡುವುದೇ ಮರ್ಯಾದೆ. ಒಂದು ವರ್ಷ ನಾವು ಯಾರಿಗೂ ಇಲ್ಲವೆನ್ನಲಾಗದೆ ಎಂಟು ಮಂದಿಯನ್ನು ಒಪ್ಪಿಕೊಂಡೆವು. ಕೂರಲು ಕುರ್ಚಿ ಸಾಲಲಿಲ್ಲವೆಂಬುದು ಸಣ್ಣ ಮಾತು. ಸಂಕಟ ಹೇಳಿಕೊಳ್ಳಲು ಬಂದ ಹೆಂಗಸರು ಬಾಗಿಲಲ್ಲೇ ಆ ಗುಂಪನ್ನು ಕಂಡು, ‘ಇನ್ನೊಂದು ದಿವಸ ಬರ್ತೀನಿ’ ಎಂದು ತಿರುಗಿ ಹೋದರು. ಅಂದಿನಿಂದ ಒಬ್ಬ ಮೇಲ್ವಿಚಾರಕಿಗೆ ಇಬ್ಬರು, ಹೆಚ್ಚೆಂದರೆ ಮೂವರು ಎಂಬ ಮಿತಿ ಇಟ್ಟುಕೊಂಡಿದ್ದೇವೆ.

ಎರಡನೆಯ ತಿಂಗಳಿಂದ ಲಾಭ ಕಾಣತೊಡಗುತ್ತದೆ. ಆದರೆ ಸಿಬ್ಬಂದಿಯ ಕೆಲಸ ಆಗಲೂ ಕಡಿಮೆಯಾಗುವುದಿಲ್ಲ. ಅವರ ಕೈಗೆ ಯಾವತ್ತೂ ಎಟುಕದೆ ಉಳಿದಿದ್ದ ಕೆಲಸಗಳು ಆಗತೊಡಗುತ್ತವೆ.

“ವಿದ್ಯಾರ್ಥಿಗಳು ಬೇಕೆಂದರೆ ಯಾರನ್ನು ಕೇಳಬೇಕು? ಯಾವಾಗ?”

ಈ ಜಿಲ್ಲೆಯವರು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದ ಸಮಾಜಕಾರ್ಯ ವಿಭಾಗಕ್ಕೂ ಸಮಾಜಕಾರ್ಯ ಕಲಿಸುವ ಪದವಿ ಕಾಲೇಜುಗಳಿಗೂ ಬರೆಯಬಹುದು; ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುತ್ತವೆ. ಸೆಮಿಸ್ಟರ್ ಆರಂಭವಾಗುವ ಒಂದು ತಿಂಗಳ ಮೊದಲೇ ಪತ್ರ ತಲುಪಿರಬೇಕು. ಕ್ಷೇತ್ರಕಾರ್ಯ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ, ಸುಮಾರು 15 ಗಂಟೆ ಇರುತ್ತದೆ. ಕೋರ್ಸಿನ ಕೊನೆಗೆ ಕೆಲವು ವಾರ ಸತತವಾಗಿ ಒಂದೇ ಕಡೆ ಇರುವ ಬ್ಲಾಕ್ ಪ್ಲೇಸ್‌ಮೆಂಟ್ ಬೇರೆ. ಮೊದಲ ಸಲ ಪ್ರಯತ್ನಿಸುವವರಿಗೆ ವಾರಕ್ಕೆರಡು ದಿನದ ವಿದ್ಯಾರ್ಥಿಯೇ ವಾಸಿ. ನಡುವಿನ ದಿನಗಳಲ್ಲಿ ನೀವೂ ಉಸಿರಾಡಿಕೊಳ್ಳಬಹುದು.

“ಸಂಬಳ ಕೊಡಬೇಕೇ? ಬಸ್ ಚಾರ್ಜಾದರೂ?”

ಪಠ್ಯದ ಭಾಗವಾಗಿ ಬರುವವರಿಗೆ ಸಂಬಳ ಕೊಡುವ ರೂಢಿ ನಮ್ಮ ಕಡೆ ಇಲ್ಲ. ಆದರೆ ಸಂಸ್ಥೆಯ ಕೆಲಸಕ್ಕಾಗಿ ಓಡಾಡಿದ ಖರ್ಚನ್ನು ವಿದ್ಯಾರ್ಥಿಯ ಜೇಬಿನಿಂದ ತೆಗೆಸಬಾರದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರಿಗೆ ಟಿಕೆಟ್ ದುಡ್ಡಿನ ಚಿಂತೆಯಿಲ್ಲ. ಹುಡುಗರಿಗೆ ಇದೆ, ಖಾಸಗಿ ಬಸ್ಸೇ ಗತಿಯಾದ ಹಳ್ಳಿಗಳಿಗೆ ಹೋಗುವಾಗ ಇಬ್ಬರಿಗೂ ಇದೆ. ದಾನಿಗಳಿಗೆ ಬರೆಯುವ ಬಜೆಟ್ಟಿನಲ್ಲಿ ‘ವಿದ್ಯಾರ್ಥಿಗಳ ಪ್ರಯಾಣ ಮತ್ತು ಊಟ’ ಎಂಬ ಬಾಬ್ತು ಮೊದಲೇ ಇರಲಿ. ಹಾಸ್ಟೆಲಿನಿಂದ ಬರುವ ಎಷ್ಟೋ ಮಕ್ಕಳು ಮಧ್ಯಾಹ್ನ ಊಟ ಬಿಟ್ಟೇ ಕೆಲಸ ಮಾಡುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ.

## ಏನು ಕೆಲಸ ಕೊಡಬೇಕು

“ಎಂ.ಎಸ್.ಡಬ್ಲ್ಯು. ಓದುತ್ತಿದ್ದಾರಲ್ಲ, ನೇರವಾಗಿ ಕೌನ್ಸೆಲಿಂಗಿಗೆ ಕೂರಿಸಬಹುದೇ?”

ಕೂರಿಸಬಹುದು, ಪಕ್ಕದಲ್ಲಿ. ಮೊದಲು ಕೇಳುವುದು, ಆಮೇಲೆ ಬರೆಯುವುದು, ಕೊನೆಗೆ ಸಿಬ್ಬಂದಿಯ ಎದುರಿನಲ್ಲೇ ಒಂದು ಭಾಗವನ್ನು ತಾವೇ ನಡೆಸುವುದು, ಇದು ನಾವು ಅನುಸರಿಸುವ ಕ್ರಮ. ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ನಡೆಸುವ ಮಾತುಕತೆಯನ್ನು, ಹೊಡೆತ-ಬಡಿತದ ದೂರನ್ನು, ಸಾಯುವ ಮಾತಾಡುವವರನ್ನು ವಿದ್ಯಾರ್ಥಿಯ ಕೈಗೆ ಒಪ್ಪಿಸುವುದೇ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಘಟನೆಯ ವರದಿ ಸಿದ್ಧಪಡಿಸುವ ಅಧಿಕಾರ ಸಂರಕ್ಷಣಾಧಿಕಾರಿಗೂ ನೋಂದಾಯಿತ ಸೇವಾ ಸಂಸ್ಥೆಗೂ ಇದೆ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರ ಬಾಯಲ್ಲಿ ಸಿ.ಡಿ.ಪಿ.ಒ. ಆ ವರದಿಯ ಕರಡು ಬರೆಯುವುದನ್ನು ವಿದ್ಯಾರ್ಥಿ ಕಲಿಯಲಿ. ಸಹಿ ಮಾತ್ರ ಅವರದಾಗಿರಬಾರದು.

ಇನ್ನೊಂದು ಸೂಕ್ಷ್ಮವಿದೆ. ವಿದ್ಯಾರ್ಥಿ ಕೋಣೆಯಲ್ಲಿ ಕೂತಿರುವಾಗಲೇ ‘ಇವರು ಇರಬಹುದಾ ಅಮ್ಮ?’ ಎಂದು ಕೇಳಿದರೆ ಬಂದ ಹೆಣ್ಣುಮಗಳು ದಾಕ್ಷಿಣ್ಯಕ್ಕೆ ಬಿದ್ದು ‘ಇರ್ಲಿ ಬಿಡಿ’ ಎನ್ನುತ್ತಾಳೆ. ಅದನ್ನು ಒಪ್ಪಿಗೆ ಎನ್ನಲಾಗದು. ವಿದ್ಯಾರ್ಥಿಯನ್ನು ಹೊರಗಿರಿಸಿ, ಇವರು ಕಲಿಯಲು ಬಂದವರು, ಬೇಡವೆಂದರೂ ನಿಮ್ಮ ಕೆಲಸಕ್ಕೆ ಏನೂ ಅಡ್ಡಿಯಾಗುವುದಿಲ್ಲ ಎಂದು ತಿಳಿಸಿ ಆಮೇಲೆ ಕೇಳಬೇಕು. ಹೀಗೆ ಕೇಳಲು ಶುರು ಮಾಡಿದ ಮೇಲೆ ಬೇಡವೆನ್ನುವವರೂ ಸಿಕ್ಕಿದ್ದಾರೆ.

“ಮತ್ತೆ ಅವರಿಗೆ ಕೊಡಲು ಏನಿದೆ? ಟೈಪ್ ಮಾಡಿಸುವುದು, ಜೆರಾಕ್ಸ್ ತರಿಸುವುದು ಅಷ್ಟೇನೇ?”

ಕುಟುಂಬ ಸೇವೆಯ ಸಂಸ್ಥೆಗಳಲ್ಲಿ ಅತಿ ಹೆಚ್ಚು ಸೋರಿಹೋಗುವುದು ಮೊದಲ ಭೇಟಿಯ ನಂತರದ ಕೆಲಸ. ಬಂದವರ ಮಾತನ್ನು ಕೇಳುತ್ತೇವೆ, ದಾರಿ ಹೇಳುತ್ತೇವೆ, ಕಳಿಸುತ್ತೇವೆ. ಅವರು ಆ ದಾರಿಯಲ್ಲಿ ಹೋದರೇ, ನಡುವೆ ಎಲ್ಲಿ ನಿಂತರು ಎಂದು ವಿಚಾರಿಸಲು ಸಿಬ್ಬಂದಿಗೆ ಪುರುಸೊತ್ತಿರುವುದಿಲ್ಲ. ವಿದ್ಯಾರ್ಥಿಗೆ ಕೊಡಬೇಕಾದದ್ದು ಈ ಕೆಲಸ.

ಒಂದು ಉದಾಹರಣೆ ನೋಡಿ. ಗಂಡನ ಮನೆ ಬಿಟ್ಟು ತವರಿಗೆ ಬಂದ ಹೆಣ್ಣುಮಗಳ ಹೆಸರು ಇನ್ನೂ ಗಂಡನ ಮನೆಯ ಪಡಿತರ ಚೀಟಿಯಲ್ಲೇ ಇರುತ್ತದೆ, ಅದರಲ್ಲಿ ಯಜಮಾನಿ ಎಂದಿರುವುದು ಅತ್ತೆ. ಗೃಹಲಕ್ಷ್ಮಿಯ 2000 ರೂಪಾಯಿ ಸಲ್ಲುವುದು ಚೀಟಿಯ ಯಜಮಾನಿಗೆ. ಹೆಸರು ತೆಗೆಸಬೇಕು, ಆಧಾರ್ ವಿಳಾಸ ಬದಲಿಸಬೇಕು, ಬೇರೆ ಚೀಟಿಗೆ ಅರ್ಜಿ ಹಾಕಬೇಕು, ಮಗುವನ್ನು ಇಲ್ಲಿನ ಶಾಲೆಗೆ ಸೇರಿಸಬೇಕು. ಹಳೆಯ ಶಾಲೆಯವರು ‘ತಂದೆ ಬರಲಿ, ಟಿ.ಸಿ. ಕೊಡುತ್ತೇವೆ’ ಎನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಎಂಟನೆಯ ತರಗತಿಯವರೆಗಿನ ಮಗುವಿನ ಪ್ರವೇಶವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆ ನಿರಾಕರಿಸುವಂತಿಲ್ಲ. ಆ ಸಾಲನ್ನು ಅಚ್ಚು ಹಾಕಿಸಿ ಕೈಯಲ್ಲಿ ಹಿಡಿದು, ತಾಯಿಯ ಜೊತೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಕೂರಲು ಒಬ್ಬರು ಬೇಕು. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿ ಈ ಕೆಲಸವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಬಲ್ಲಳು, ಏಕೆಂದರೆ ಅವಳಿಗೆ ಅರ್ಧ ದಿನ ಕಾಯುವ ತಾಳ್ಮೆಯೂ ಸಮಯವೂ ಇರುತ್ತದೆ.

ನ್ಯಾಯಾಲಯಕ್ಕೆ ಜೊತೆಹೋಗುವುದೂ ಹೀಗೆಯೇ. ಕೌಟುಂಬಿಕ ಹಿಂಸೆಯ ಅರ್ಜಿಯನ್ನು 60 ದಿನಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ‘ಮುಂದಿನ ತಾರೀಕು’. ನಾಲ್ಕನೆಯ ತಾರೀಕಿಗೆ ಒಂಟಿಯಾಗಿ ಹೋಗುವ ಹೆಂಗಸು ಐದನೆಯದಕ್ಕೆ ಹೋಗುವುದನ್ನೇ ಬಿಡುತ್ತಾಳೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆಯುವುದು ವಿದ್ಯಾರ್ಥಿ ಮೊದಲ ತಿಂಗಳಲ್ಲೇ ಕಲಿಯಬೇಕಾದ ಕೆಲಸ. ಜೆರಾಕ್ಸ್ ತರುವುದೂ ಇರುತ್ತದೆ, ಅದನ್ನು ನಾವೂ ಮಾಡುತ್ತೇವೆ.

“ಹುಡುಗರು ಬಂದರೆ ಹೆಣ್ಣುಮಕ್ಕಳು ಬಾಯಿ ಬಿಡುತ್ತಾರೆಯೇ?”

ಕೆಲವರು ಬಿಡುವುದಿಲ್ಲ, ಬಿಡಬೇಕಾದ ಅಗತ್ಯವೂ ಇಲ್ಲ. ಆದರೆ ಕುಡಿತ ಬಿಡಲು ಹೆಣಗುವ ಗಂಡ, ಶಾಲೆ ಬಿಟ್ಟು ಗ್ಯಾರೇಜ್ ಸೇರಿದ ಮಗ, ಮಗಳ ಕೇಸಿನಲ್ಲಿ ತಲೆ ತಗ್ಗಿಸಿ ಹೊರಗಿನ ಬೆಂಚಿನ ಮೇಲೆ ಕೂತ ತಂದೆ, ಇವರ ಬಳಿ ಹೋಗಿ ಮಾತನಾಡುವವರು ನಮ್ಮ ಸಂಸ್ಥೆಗಳಲ್ಲಿ ಬಹಳ ಕಡಿಮೆ. ಹುಡುಗರಿಗೆ ಆ ಬೆಂಚನ್ನು ಕೊಡಿ.

“ಭಾಷೆ ಬಾರದ ಕಡೆ ಏನು ಮಾಡುತ್ತೀರಿ?”

ಪಾವಗಡದ ಕಡೆಯವರು ದುಃಖ ಬಂದಾಗ ತೆಲುಗಿಗೆ ಹೊರಳುತ್ತಾರೆ; ಕೋಲಾರ, ಚಿಕ್ಕಬಳ್ಳಾಪುರದಲ್ಲಂತೂ ಇದು ದಿನನಿತ್ಯದ ಮಾತು. ತುಮಕೂರು ನಗರದಲ್ಲಿ, ಶಿರಾದಲ್ಲಿ ಉರ್ದು ಬಲ್ಲ ವಿದ್ಯಾರ್ಥಿನಿ ಸಿಕ್ಕರೆ ಸಂಸ್ಥೆಯ ಪುಣ್ಯ. ಆದರೆ ಅನುವಾದಕ್ಕೆ ಕೂರಿಸುವ ಮೊದಲು ಒಂದು ಪಾಠ ಹೇಳಿಕೊಡಬೇಕು: ಹೇಳಿದ್ದನ್ನು ಹೇಳಿದ ಹಾಗೆ ತಲುಪಿಸಬೇಕು, ಬೈಗುಳವಿದ್ದರೆ ಬೈಗುಳವನ್ನೂ ಸೇರಿಸಿ. ಮುಜುಗರಪಟ್ಟು ‘ಸ್ವಲ್ಪ ಜಗಳ ಆಯ್ತಂತೆ’ ಎಂದು ತಿಳಿಗೊಳಿಸಿದರೆ ಹೊಡೆತವೇ ಕಡತದಿಂದ ಮಾಯವಾಗುತ್ತದೆ.

## ಗೋಪ್ಯತೆ, ಸುರಕ್ಷತೆ

“ವಿದ್ಯಾರ್ಥಿಗಳು ಎಲ್ಲವನ್ನೂ ರೆಕಾರ್ಡಿನಲ್ಲಿ ಬರೆದು ಕಾಲೇಜಿಗೆ ಕೊಡುತ್ತಾರಲ್ಲ, ಮನೆಯ ಮರ್ಯಾದೆ ಬೀದಿಗೆ ಬರುವುದಿಲ್ಲವೇ?”

ಎಚ್ಚರ ತಪ್ಪಿದರೆ ಬರುತ್ತದೆ. ಹೆಸರಿನ ಬದಲು ‘ಶ್ರೀಮತಿ ಕ’ ಎಂದು ಬರೆದರೆ ಸಾಕೆಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ‘ತುರುವೇಕೆರೆ ಕಡೆಯ ಕೊಬ್ಬರಿ ವ್ಯಾಪಾರಿಯ ಎರಡನೆಯ ಸೊಸೆ, ಅಂಗನವಾಡಿ ಕಾರ್ಯಕರ್ತೆ’ ಎಂದು ಮುಂದಿನ ಸಾಲಿನಲ್ಲಿ ಬರೆದಿದ್ದರೆ ಆ ‘ಕ’ ಯಾರೆಂದು ತರಗತಿಯಲ್ಲಿ ಒಬ್ಬರಿಗಾದರೂ ಗೊತ್ತಾಗುತ್ತದೆ. ಊರು, ಕಸುಬು, ಮಕ್ಕಳ ಸಂಖ್ಯೆ, ಮದುವೆಯ ವರ್ಷ ಎಲ್ಲವನ್ನೂ ಬದಲಿಸಬೇಕು, ಬದಲಿಸಿದ ಪ್ರತಿಯನ್ನು ನಾವು ಓದಿದ ಮೇಲೆಯೇ ಕಾಲೇಜಿಗೆ ಹೋಗಬೇಕು. ಕಡತದ ಫೋಟೊವನ್ನು ಮೊಬೈಲಿನಲ್ಲಿ ತೆಗೆಯುವಂತಿಲ್ಲ. ಕಚೇರಿಯಲ್ಲಿ ತೆಗೆಸಿಕೊಂಡ ಸೆಲ್ಫಿಯ ಹಿಂದೆ ಯಾರಾದರೂ ಕೂತಿದ್ದರೆ ಅದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಗುವಂತಿಲ್ಲ.

ಮಕ್ಕಳ ವಿಷಯದಲ್ಲಿ ಇದು ಕಾನೂನಿನ ಕಟ್ಟಳೆಯೂ ಹೌದು. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಮತ್ತು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೆಯ ಕಲಂ ಮಗುವಿನ ಹೆಸರು, ಶಾಲೆ, ವಿಳಾಸ ಇತ್ಯಾದಿ ಗುರುತು ಮಾಧ್ಯಮಗಳಲ್ಲಿ ಬಹಿರಂಗವಾಗುವುದನ್ನು ನಿಷೇಧಿಸುತ್ತವೆ.

“ಬಂದವರು ವಿದ್ಯಾರ್ಥಿಯ ನೆಂಟರೇ ಆಗಿಬಿಟ್ಟರೆ?”

ಜಿಲ್ಲೆ ಚಿಕ್ಕದು, ನೆಂಟಸ್ತನ ದೊಡ್ಡದು, ವರ್ಷಕ್ಕೊಮ್ಮೆಯಾದರೂ ಹೀಗಾಗುತ್ತದೆ. ಕಂಡ ತಕ್ಷಣ ವಿದ್ಯಾರ್ಥಿ ಮೇಲ್ವಿಚಾರಕಿಗೆ ಹೇಳಿ ಎದ್ದು ಹೋಗಬೇಕು, ಆ ಕಡತವನ್ನು ಮುಟ್ಟಬಾರದು, ಮನೆಯಲ್ಲಿ ‘ಅತ್ತಿಗೆ ಬಂದಿದ್ದರು’ ಎಂಬ ಮಾತೂ ಬರಬಾರದು. ಬಂದವರಿಗೂ ಈ ಏರ್ಪಾಟನ್ನು ನಾವೇ ತಿಳಿಸುತ್ತೇವೆ.

“ನಮ್ಮ ಮಗಳನ್ನು ಪೊಲೀಸ್ ಸ್ಟೇಷನ್ನಿಗೆ, ಕುಡುಕರ ಮನೆಗೆ ಕಳಿಸುತ್ತೀರಂತೆ?”

ಇದು ತಂದೆತಾಯಿಗಳ ಪ್ರಶ್ನೆ; ನ್ಯಾಯವಾದ ಪ್ರಶ್ನೆ. ಠಾಣೆಗೂ ನ್ಯಾಯಾಲಯಕ್ಕೂ ಸಿಬ್ಬಂದಿ ಜೊತೆಗಿದ್ದಾಗ ಮಾತ್ರ, ಮೂರನೆಯ ತಿಂಗಳಿನ ನಂತರ ಕರೆದೊಯ್ಯುತ್ತೇವೆ. ಮನೆಭೇಟಿಗೆ ಇಬ್ಬರು ಜೊತೆಯಾಗಿಯೇ ಹೋಗಬೇಕು, ಹೊತ್ತು ಮುಳುಗುವ ಮುನ್ನ ಬಸ್ಸು ಹತ್ತಿರಬೇಕು, ಹೊರಟಾಗ ಮತ್ತು ತಲುಪಿದಾಗ ಕಚೇರಿಗೆ ಕರೆ ಮಾಡಬೇಕು. ಮಧುಗಿರಿ, ಪಾವಗಡದ ಒಳಹಳ್ಳಿಗಳಲ್ಲಿ ಕೊನೆಯ ಬಸ್ಸಿನ ವೇಳೆಯನ್ನು ಮೊದಲು ಕೇಳಿಕೊಂಡು, ಆಮೇಲೆ ಭೇಟಿಯ ವೇಳೆ ನಿಗದಿ ಮಾಡುತ್ತೇವೆ. ಹಿಂಸೆಯ ದೂರಿರುವ ಮನೆಗೆ ವಿದ್ಯಾರ್ಥಿಗಳು ಹೋಗುವುದಿಲ್ಲ. ಆ ಹೆಣ್ಣುಮಗಳನ್ನು ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಭೇಟಿಯಾಗುತ್ತೇವೆ. ಅವಳ ಸುರಕ್ಷತೆಗೂ ಅದೇ ಸರಿ.

## ಕಷ್ಟದ ಪ್ರಶ್ನೆಗಳು

“‘ಯಾರಿಗೂ ಹೇಳ್ಬೇಡಿ ಅಕ್ಕಾ’ ಎಂದು ಮಗು ಏನನ್ನಾದರೂ ಹೇಳಿಬಿಟ್ಟರೆ ವಿದ್ಯಾರ್ಥಿ ಏನು ಮಾಡಬೇಕು?”

ಮಕ್ಕಳು ಹಿರಿಯ ಸಮಾಲೋಚಕಿಗೆ ಹೇಳದ್ದನ್ನು ತಮ್ಮ ಜೊತೆ ಚಿತ್ರ ಬರೆಯುತ್ತ ಕೂತ ಅಕ್ಕನಿಗೆ ಹೇಳುತ್ತಾರೆ. ಆದ್ದರಿಂದ ಈ ತಯಾರಿ ಮೊದಲ ವಾರದಲ್ಲೇ ಆಗಿರಬೇಕು. ‘ಯಾರಿಗೂ ಹೇಳಲ್ಲ, ಆಣೆ’ ಎಂದು ಮಾತು ಕೊಡಬಾರದು. ‘ನೀನು ಹೇಳಿದ್ದು ಒಳ್ಳೆಯದಾಯ್ತು ಪುಟ್ಟಾ. ನಿನಗೆ ಸಹಾಯ ಮಾಡೋಕೆ ನಾನು ಮೇಡಂ ಒಬ್ಬರಿಗೆ ಹೇಳಲೇಬೇಕು’ ಎಂಬಷ್ಟೇ ಮಾತು ಸಾಕು. ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಬಾರದು. ಮಗು ಬಳಸಿದ ಪದಗಳನ್ನೇ ಬರೆದಿಡಬೇಕು, ಅದೇ ದಿನ ಮೇಲ್ವಿಚಾರಕಿಗೆ ತಿಳಿಸಬೇಕು.

2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಲೈಂಗಿಕ ಅಪರಾಧದ ವಿಷಯ ತಿಳಿದ ಯಾವುದೇ ವ್ಯಕ್ತಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸದ ಶಿಕ್ಷೆಗೆ ಅವಕಾಶವಿದೆ. ‘ಯಾವುದೇ ವ್ಯಕ್ತಿ’ ಎಂಬುದರಲ್ಲಿ ವಿದ್ಯಾರ್ಥಿಯೂ ಸೇರುತ್ತಾರೆ, ಗೋಪ್ಯತೆಯ ಒಪ್ಪಂದ ಇದಕ್ಕೆ ಅಡ್ಡಬರುವುದಿಲ್ಲ. ಮಕ್ಕಳ ಸಹಾಯವಾಣಿ 1098 ನೆರವಿಗಿದೆ.

ವಿದ್ಯಾರ್ಥಿಗಳನ್ನು ನಿಜಕ್ಕೂ ಕಾಡುವುದು ಬೇರೆ ಸಂದರ್ಭ. ಹದಿನಾರು ವರ್ಷದ ಹುಡುಗಿಗೆ ಮದುವೆಯಾಗಿದೆ, ಅವಳು ಗರ್ಭಿಣಿ, ಗಂಡ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ. ಹೇಳಿದರೆ ಸಂಸಾರ ಒಡೆಯುತ್ತದಲ್ಲ ಎನ್ನುತ್ತಾರೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು, ಮತ್ತು ಹದಿನೆಂಟು ತುಂಬದವಳ ವಿಷಯದಲ್ಲಿ ಪೋಕ್ಸೊ ಅನ್ವಯಿಸುತ್ತದೆ. ಹೇಳದಿರುವ ಆಯ್ಕೆ ನಮಗಿಲ್ಲ. ಇದನ್ನು ವಿದ್ಯಾರ್ಥಿ ಒಪ್ಪಿಕೊಂಡರೂ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನಸ್ಸೂ ಪ್ರತಿ ಸಲ ಒಪ್ಪಿದೆ ಎನ್ನಲಾರೆವು. ವರದಿ ಮಾಡಿದ ಮೇಲೆ ಆ ಹುಡುಗಿಯ ಹೆರಿಗೆ, ಓದು, ಇರುವ ಜಾಗ ಇವುಗಳ ಹೊಣೆ ಹೊತ್ತು ಹಿಂದೆ ನಿಲ್ಲುವುದಷ್ಟೇ ನಮಗೆ ಉಳಿದಿರುವ ದಾರಿ.

“‘ಸ್ವಲ್ಪ ಹೊಂದಿಕೊಂಡು ಹೋಗಿ’ ಎಂದು ವಿದ್ಯಾರ್ಥಿಯೇ ಬುದ್ಧಿ ಹೇಳಿದರೆ?”

ಹೇಳುತ್ತಾರೆ. ಮನೆಯಲ್ಲಿ ಕೇಳಿ ಬೆಳೆದ ಮಾತು ಅದು. ಜಾತಿಯ ವಿಷಯದಲ್ಲೂ ಹೀಗೇ: ಬೇರೆ ಜಾತಿಯವರನ್ನು ಮೆಚ್ಚಿ ಮದುವೆಯಾದ ಹುಡುಗಿಯನ್ನು ಕಂಡರೆ ತಂದೆಯ ಪರವಾಗಿ ಕರಗುವ ವಿದ್ಯಾರ್ಥಿಗಳಿದ್ದಾರೆ. ಎಲ್ಲರೆದುರು ಗದರಿಸಿದರೆ ಆ ಅಭಿಪ್ರಾಯ ಒಳಗೆ ಅಡಗುತ್ತದೆಯೇ ಹೊರತು ಹೋಗುವುದಿಲ್ಲ. ವಾರದ ಮೇಲ್ವಿಚಾರಣೆಯಲ್ಲಿ ‘ಆ ಮಾತು ಕೇಳಿದಾಗ ಅವಳ ಮುಖ ಹೇಗಾಯಿತು?’ ಎಂದು ಕೇಳುತ್ತೇವೆ. ಗಮನಿಸಿದ್ದವರಿಗೆ ಪಾಠ ಅಲ್ಲೇ ಸಿಗುತ್ತದೆ, ಗಮನಿಸದವರಿಗೆ ಮುಂದಿನ ಸಲ ಮುಖ ನೋಡುವುದೇ ಪಾಠ.

“ವಿದ್ಯಾರ್ಥಿನಿಗೆ ಸಂಸ್ಥೆಯಲ್ಲೇ ಯಾರಾದರೂ ಕಿರುಕುಳ ಕೊಟ್ಟರೆ ಯಾವ ಕಾನೂನು?”

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಯವರಿಗೂ ಸ್ವಯಂಸೇವಕರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಅಂಕ ಕೊಡುವವರ ಮೇಲೆಯೇ ದೂರು ಬಂದರೆ ಮೌಲ್ಯಮಾಪನವನ್ನು ಬೇರೆಯವರಿಗೆ ವಹಿಸಲಾಗುವುದು ಎಂದು ಕಾಲೇಜಿನ ಜೊತೆಗಿನ ಒಪ್ಪಂದ ಪತ್ರದಲ್ಲೇ ಬರೆದಿಡಿ. ಆ ಸಾಲಿಲ್ಲದಿದ್ದರೆ ಯಾವ ಹುಡುಗಿಯೂ ದೂರು ಕೊಡುವುದಿಲ್ಲ.

“ಕೇಸು ಕೇಳಿ ಮನೆಗೆ ಹೋದ ಮೇಲೆ ನಿದ್ದೆಯೇ ಬರುವುದಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ?”

ಒಬ್ಬ ವಿದ್ಯಾರ್ಥಿನಿ ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಯಿದು. ಬೇರೆಯವರೂ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ನಿದ್ದೆ ಬರದಿರುವುದು ಅಯೋಗ್ಯತೆಯ ಗುರುತಲ್ಲ. ಎದುರು ಕೂತವಳ ಕತೆ ತನ್ನ ಅಮ್ಮನ ಕತೆಯೇ ಆಗಿರುವ ವಿದ್ಯಾರ್ಥಿಗಳು ನಾವು ಎಣಿಸುವುದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಕಾರಣ ಹೇಳದೆಯೇ ‘ಈ ಕೇಸು ನನಗೆ ಬೇಡ’ ಎನ್ನುವ ಹಕ್ಕು ಅವರಿಗಿರಬೇಕು, ಅದಕ್ಕಾಗಿ ಅಂಕ ಕಡಿಯಬಾರದು. ಮೇಲ್ವಿಚಾರಕಿಯು ಅವರ ಚಿಕಿತ್ಸಕಿಯಾಗಲೂ ಹೊರಡಬಾರದು. ಬೇರೆ ಸಮಾಲೋಚಕರ ಹೆಸರು ಹೇಳಬೇಕು, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಡಬೇಕು.

“ಸೆಮಿಸ್ಟರ್ ಮುಗಿಯಿತು, ಹುಡುಗಿ ಹೋದಳು. ‘ಆ ಮೇಡಂ ಎಲ್ಲಿ?’ ಎಂದು ಕೇಳಿಕೊಂಡು ಬರುವವರಿಗೆ ಏನು ಹೇಳುವುದು?”

ಈ ಪ್ರಶ್ನೆ ಬಂತೆಂದರೆ ನಮ್ಮ ಕಡೆಯಿಂದ ತಡವಾಗಿದೆ ಎಂದರ್ಥ. ಎಲ್ಲರಿಂದ ಕೈಬಿಡಿಸಿಕೊಂಡವರೇ ನಮ್ಮ ಬಾಗಿಲಿಗೆ ಬರುವವರು. ಹೇಳದೆ ಹೋದ ವಿದ್ಯಾರ್ಥಿ ಆ ಸಾಲಿಗೆ ಸೇರುತ್ತಾಳೆ. ಆದ್ದರಿಂದ ಪರಿಚಯದ ದಿನವೇ ‘ನಾನು ಇಂಥ ತಿಂಗಳವರೆಗೆ ಇರುತ್ತೇನೆ’ ಎಂದು ವಿದ್ಯಾರ್ಥಿ ಹೇಳಬೇಕು. ಹೊರಡುವ ನಾಲ್ಕು ವಾರ ಮೊದಲು ಮತ್ತೆ ನೆನಪಿಸಬೇಕು. ಕೊನೆಯ ಎರಡು ಭೇಟಿಗಳಿಗೆ ಮುಂದೆ ನೋಡಿಕೊಳ್ಳುವ ಸಿಬ್ಬಂದಿಯೂ ಜೊತೆಗಿರಬೇಕು. ವಿದ್ಯಾರ್ಥಿಯ ಸ್ವಂತ ಮೊಬೈಲ್ ಸಂಖ್ಯೆಯನ್ನು ಮೊದಲಿನಿಂದಲೂ ಕೊಡಿಸುವುದಿಲ್ಲ, ಕಚೇರಿಯ ಸಂಖ್ಯೆಯನ್ನಷ್ಟೇ ಕೊಡುತ್ತೇವೆ.

ಪ್ರತಿ ಕುಟುಂಬಕ್ಕೂ ಒಂದು ಪುಟದ ಟಿಪ್ಪಣಿ ಬರೆದಿಟ್ಟು ಹೋಗುವುದು ಕೊನೆಯ ವಾರದ ಕೆಲಸ: ಮುಂದಿನ ತಾರೀಕು ಯಾವುದು, ಯಾವ ಅರ್ಜಿ ಯಾವ ಮೇಜಿನ ಮೇಲಿದೆ, ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಗಂಡ ಮನೆಯಲ್ಲಿರುವುದಿಲ್ಲ, ಮಗುವಿಗೆ ಯಾವ ತಿಂಡಿ ಇಷ್ಟ. ಆ ಪುಟ ನಮ್ಮ ಕೈಗೆ ಬರುವವರೆಗೆ ಹಾಜರಿ ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ.